ಮೊದಲು ಅಳತೆ, ಆಮೇಲೆ ಆಪರೇಶನ್

ನಾನು ಬಾಗಲಕೋಟೆಯ ನವನಗರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ, ಮದುವೆಗೆ ಕಟೋರಿ, ಕಾಲೇಜು ಹುಡುಗಿಯರಿಗೆ ಪ್ರಿನ್ಸೆಸ್ ಕಟ್, ಎಲ್ಲಾ. ಹೆಂಗಸರ ಎದೆಯ ಅಳತೆ ತೆಗೆಯುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಎರಡು ಹೆರಿಗೆ ಆಗಿ, ಇಬ್ಬರಿಗೂ ಹಾಲು ಬಿಡಿಸಿದ ಮೇಲೆ ನನ್ನ ಮೈ ಎಷ್ಟು ಬದಲಾಗಿದೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಭುಜದಿಂದ ಪಾಯಿಂಟ್‌ವರೆಗಿನ ಅಳತೆ, ಅಂದರೆ ಎದೆಯ ತುದಿಯವರೆಗಿನದು, ಮುಕ್ಕಾಲು ಇಂಚು ಉದ್ದವಾಗಿತ್ತು. ಸುತ್ತಳತೆ ಕಡಿಮೆಯಾಗಿತ್ತು. ಬ್ಲೌಸಿನ ಮೇಲ್ಭಾಗ, ಕತ್ತಿನ ಪಟ್ಟಿಯಿಂದ ಕೆಳಗೆ ಮೂರು ಬೆರಳಿನಷ್ಟು ಜಾಗ, ಸುಕ್ಕುಗಟ್ಟುತ್ತಿತ್ತು. ಅಲ್ಲಿ ತುಂಬುವುದಕ್ಕೆ ಏನೂ ಉಳಿದಿರಲಿಲ್ಲ.

ನಮ್ಮ ಕಡೆ ಇದಕ್ಕೆ ಒಂದೇ ಉತ್ತರ. "ಹಾಲು ಕುಡಿಸಿದ್ರ ಹಿಂಗ ಆಗತೈತಿ ನೋಡವ್ವಾ." ಬಾಣಂತಿಯರ ಮುಂದೆ ಈ ಮಾತು ಆಡುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ. ಡಾಕ್ಟರು ಬಿಡಿಸಿ ಹೇಳಿದರು. ಬಸಿರಿನಲ್ಲೇ ಹಾಲಿನ ಗ್ರಂಥಿಗಳು ಬೆಳೆದು ಚರ್ಮ ಹಿಗ್ಗುತ್ತದೆ, ಒಳಗೆ ಎದೆಯನ್ನು ಹಿಡಿದಿಡುವ ಎಳೆಗಳೂ ಹಿಗ್ಗುತ್ತವೆ. ಹಾಲು ನಿಂತ ಮೇಲೆ ಗ್ರಂಥಿ ಕುಗ್ಗುತ್ತದೆ. ಹಿಗ್ಗಿದ ಚರ್ಮ ಅಷ್ಟೇ ಕುಗ್ಗುವುದಿಲ್ಲ. ಮಗುವಿಗೆ ಒಂದು ಹನಿ ಹಾಲು ಕುಡಿಸದಿದ್ದರೂ ಇದು ಆಗುತ್ತದೆ. ಎದೆ ಜೋಲುವುದಕ್ಕೆ ಎಷ್ಟು ಸಲ ಬಸಿರಾದಿರಿ, ವಯಸ್ಸೆಷ್ಟು, ತೂಕ ಎಷ್ಟು, ಬೀಡಿ ಸಿಗರೇಟು ಇದೆಯಾ ಇವೇ ಮುಖ್ಯ ಕಾರಣ ಅಂತ ಅಧ್ಯಯನಗಳು ಹೇಳಿವೆ. ಹಾಲು ಕುಡಿಸುವುದನ್ನು ಇದಕ್ಕೆ ಹೆದರಿ ಬಿಡಬೇಡಿ.

ಎದೆಯ ಆಕಾರ ಸರಿಪಡಿಸುವ ಆಪರೇಶನ್ ಯೋಚನೆ ತಲೆಗೆ ಬಂದಾಗ ನಾನು ಮೊದಲು ಕೇಳಿಕೊಂಡದ್ದು ಬಟ್ಟೆಯ ಪ್ರಶ್ನೆ. ನನ್ನ ತೊಂದರೆ ಸೀರೆ ಉಟ್ಟಾಗ ಹೇಗೆ ಕಾಣುತ್ತೇನೆ ಅನ್ನುವುದಾ? ಅದಾದರೆ ಲಕ್ಷಗಟ್ಟಲೆ ಖರ್ಚು ಬೇಡ. ಬ್ಲೌಸಿಗೆ ಒಳಗಿಂದ ಕಪ್ ಇಟ್ಟು, ಡಾಟ್ ಅರ್ಧ ಇಂಚು ಮೇಲೆತ್ತಿ, ಭುಜದ ಹತ್ತಿರ ಸ್ವಲ್ಪ ಹಿಡಿದರೆ ಮುಗಿಯಿತು. ದಿನಾ ಮಾಡುವ ಕೆಲಸ ಅದು. ನನಗೂ ಹಾಗೇ ಹೊಲಿದುಕೊಂಡೆ. ಸೀರೆಯಲ್ಲಿ ಚೆನ್ನಾಗಿಯೇ ಕಂಡೆ. ಆದರೂ ಸ್ನಾನಕ್ಕೆ ಹೋದಾಗಿನ ಬೇಜಾರು ಹೋಗಲಿಲ್ಲ. ಆಗ ಗೊತ್ತಾಯಿತು, ಇದು ಹೊಲಿಗೆಯಿಂದ ಬಗೆಹರಿಯುವ ವಿಷಯ ಅಲ್ಲ ಅಂತ. ಯಾರಾದರೂ ಕೇಳಿದರೆ ಈ ಪರೀಕ್ಷೆಯನ್ನೇ ಮೊದಲು ಹೇಳುತ್ತೇನೆ. ಒಳ್ಳೆಯ ಬ್ಲೌಸ್, ಸರಿಯಾದ ಅಳತೆಯ ಬ್ರಾ ಹಾಕಿಕೊಂಡು ಕೆಲವು ತಿಂಗಳು ನೋಡಿ. ಅರ್ಧಕ್ಕರ್ಧ ಜನರ ಸಮಸ್ಯೆ ಅಲ್ಲೇ ಮುಗಿಯುತ್ತದೆ ಅಂತ ನನ್ನ ಅನಿಸಿಕೆ.

ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಕೇಳಿದ್ದು ಒಂದೇ. "ಯಾರ ಸಲುವಾಗಿ ಮಾಡಿಸ್ಕೋತಿ? ನನ್ನ ಸಲುವಾಗಿ ಆದ್ರ ಬ್ಯಾಡ." ನಿಮ್ಮ ಸಲುವಾಗಿ ಅಲ್ರಿ ಅಂದೆ. ಸರಿ, ದುಡ್ಡು ಹೊಂದಿಸೋಣ ಅಂದರು. ನೆಗೆಣ್ಣಿ ಮಾತ್ರ "ಎರಡು ಹಡದಾಕಿಗೆ ಇದೆಲ್ಲಾ ಯಾಕ ಬೇಕವ್ವಾ" ಅಂದಳು. ಆಮೇಲೆ ಅವಳೇ ಒಂದು ಉಪಾಯ ಕೊಟ್ಟಳು. ಎದೆಯಲ್ಲಿ ಗಂಟಿತ್ತು, ತೆಗೆಸಿದ್ವಿ ಅಂತ ಊರಿಗೆ ಹೇಳಬೇಕಂತೆ. ನಮ್ಮವ್ವನ ಕಿವಿಗೆ ಆ ಮಾತು ಬಿದ್ದರೆ ಅವಳ ಎದೆಯೇ ಒಡೆಯುತ್ತಿತ್ತು. ಒಂದು ಆಪರೇಶನ್ ಇದೆ ಅಂತಷ್ಟೇ ಹೇಳಿ ಸುಮ್ಮನಾದೆ.

ಮೊದಲು ಹೋದ ಕ್ಲಿನಿಕ್‌ನಲ್ಲಿ ಎಲ್ಲರೂ ತುಂಬಾ ನಯವಾಗಿ ಮಾತಾಡಿದರು. ಆದರೆ ಯಾವ ಕಂಪನಿಯ ಇಂಪ್ಲಾಂಟ್ (ಗಾತ್ರಕ್ಕಾಗಿ ಎದೆಯೊಳಗೆ ಇಡುವ, ಜೆಲ್ ತುಂಬಿದ ಚೀಲ) ಹಾಕುತ್ತೀರಿ ಅಂದರೆ ಹೇಳಲಿಲ್ಲ. "ಇಂಪೋರ್ಟೆಡ್ ಮೇಡಂ, ಬೆಸ್ಟ್ ಕ್ವಾಲಿಟಿ" ಅಷ್ಟೇ. ಎರಡು ಮೀಟರ್ ಲೈನಿಂಗ್ ಬಟ್ಟೆ ತರುವಾಗಲೂ ನಾನು ಮಿಲ್ಲಿನ ಹೆಸರು ಕೇಳುತ್ತೇನೆ. ಎದ್ದು ಬಂದೆ. ಆಮೇಲೆ ಹುಡುಕುವಾಗ ಡಿಗ್ರಿ ನೋಡುವುದನ್ನು ಕಲಿತೆ. ಎಂಬಿಬಿಎಸ್, ಎಂಎಸ್ ಆದಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂಸಿಎಚ್ ಅಥವಾ ಡಿಎನ್‌ಬಿ ಆಗಿರಬೇಕು. ಹೆಸರಿನ ಮುಂದೆ ಕಾಸ್ಮೆಟಿಕ್ ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು ಅಲ್ವಾ? ನೋಂದಣಿ ಇದೆಯಾ ಅಂತ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಡಬಹುದು. ಕೊನೆಗೆ ಬೆಳಗಾವಿಯ ಡಾಕ್ಟರೊಬ್ಬರು ಸರಿ ಅನಿಸಿದರು. ಲೋಕಾಪುರ, ಯರಗಟ್ಟಿ ದಾಟಿ ಹೋಗುವ ದಾರಿ, ಬಸ್ಸಿನಲ್ಲಿ ಅರ್ಧ ದಿನ ಹೋಗುತ್ತದೆ. ಹೊಲಿಗೆಯ ಕೆಲಸ ಬಿಟ್ಟು ಹೋಗಬೇಕು. ಆದರೂ ಹೋದೆ.

ಅವರೂ ಟೇಪು ತೆಗೆದರು! ಇಂಚಿನಲ್ಲಲ್ಲ, ಸೆಂಟಿಮೀಟರಿನಲ್ಲಿ. ಕತ್ತಿನ ಕೆಳಗಿನ ಗುಳಿಯಿಂದ ತೊಟ್ಟಿನವರೆಗೆ, ತೊಟ್ಟಿನಿಂದ ಎದೆಯ ಕೆಳಗಿನ ಮಡಿಕೆಯವರೆಗೆ, ಆಮೇಲೆ ಎದೆಯ ಅಗಲ. ತೊಟ್ಟು ಆ ಮಡಿಕೆಗಿಂತ ಮೇಲಿದ್ದರೆ ಇಂಪ್ಲಾಂಟ್ ಒಂದೇ ಸಾಕಾಗಬಹುದು. ಮಡಿಕೆಗಿಂತ ಕೆಳಗಿಳಿದು ನೆಲ ನೋಡುತ್ತಿದ್ದರೆ ಇಂಪ್ಲಾಂಟ್ ಮಾತ್ರ ಹಾಕಿದರೆ ಇನ್ನೂ ಭಾರವಾಗಿ ಜೋಲುತ್ತದೆ. ಆಗ ಚರ್ಮ ಕತ್ತರಿಸಿ ಎತ್ತಿ ಹೊಲಿಯುವ ಲಿಫ್ಟ್ ಬೇಕು. ಅದರ ಗಾಯದ ಗುರುತು ತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ, ಕೆಲವರಿಗೆ ಮಡಿಕೆಯ ಉದ್ದಕ್ಕೂ ಇರುತ್ತದೆ. ಡಾಕ್ಟರು ಒಂದು ಸುಲಭದ ಮಾತು ಹೇಳಿದರು. ಬ್ರಾ ಹಾಕಿಕೊಂಡಾಗ ಕಪ್ ತುಂಬುತ್ತದೆ, ನೋಡಲು ಸರಿ ಇದೆ ಅನಿಸಿದರೆ ನಿಮಗೆ ಬೇಕಾದದ್ದು ಲಿಫ್ಟ್. ಬ್ರಾ ಹಾಕಿದರೂ ಮೇಲೆ ಖಾಲಿ ಅನಿಸಿದರೆ ಬೇಕಾದದ್ದು ಗಾತ್ರ. ನನ್ನದು ಎರಡನೆಯದು. ತೊಟ್ಟು ಮಡಿಕೆಗಿಂತ ಸ್ವಲ್ಪವೇ ಮೇಲಿತ್ತು.

ಆಮೇಲೆ ಎದೆಯ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಡಿದು ದಪ್ಪ ನೋಡಿದರು. ನೋಡಿ ಕೇಳಿದ್ದು ನನಗೆ ವಿಚಿತ್ರ ಅನಿಸಿತು. "ಮನ್ಯಾಗ ರೊಟ್ಟಿ ಬಡೀತೀರೇನ್ರಿ?"

ಬಡಿಯುತ್ತೇನೆ, ದಿನಾ. ಇಂಪ್ಲಾಂಟ್ ಇಡಲು ಎರಡು ಜಾಗ, ಎದೆಯ ಸ್ನಾಯುವಿನ ಕೆಳಗೆ ಅಥವಾ ಸ್ನಾಯುವಿನ ಮೇಲೆ. ಕೆಳಗಿಟ್ಟರೆ ಮೇಲಿನ ಅಂಚು ಎದ್ದು ಕಾಣುವುದಿಲ್ಲ, ತೆಳ್ಳಗಿರುವವರಿಗೆ ಒಳ್ಳೆಯದು. ಆದರೆ ತೋಳಿಗೆ ಬಲ ಹಾಕಿದಾಗಲೆಲ್ಲ ಆ ಸ್ನಾಯು ಬಿಗಿದು ಇಂಪ್ಲಾಂಟನ್ನು ಒತ್ತುತ್ತದೆ, ಎದೆ ಆಚೀಚೆ ಸರಿದಂತೆ ಕಾಣಬಹುದು. ಜೋಳದ ಹಿಟ್ಟು ಮಿದಿಯುವುದು, ರೊಟ್ಟಿ ಬಡಿಯುವುದು, ಇಸ್ತ್ರಿ ಒತ್ತುವುದು, ಎಲ್ಲ ಅದೇ ಸ್ನಾಯುವಿನ ಕೆಲಸ. ನನ್ನ ಮೇಲ್ಭಾಗದ ದಪ್ಪ 2 ಸೆಂಟಿಮೀಟರಿಗಿಂತ ಜಾಸ್ತಿ ಇದ್ದುದರಿಂದ ಸ್ನಾಯುವಿನ ಮೇಲೆಯೇ ಇಡಬಹುದು ಅಂದರು. ಅದೇ ಆಯಿತು. ಕತ್ತರಿಸುವ ಜಾಗ ಎದೆಯ ಕೆಳಗಿನ ಮಡಿಕೆ. ತೊಟ್ಟಿನ ಸುತ್ತ ಕತ್ತರಿಸಿದರೆ ಹಾಲಿನ ನಾಳಕ್ಕೆ ಪೆಟ್ಟಾಗುವ ಸಂಭವ ಜಾಸ್ತಿ. ನಮಗೆ ಇನ್ನು ಮಕ್ಕಳು ಬೇಡ ಅಂತ ನಿರ್ಧಾರ ಆಗಿತ್ತು. ಆಗಿರದಿದ್ದರೆ ಇನ್ನೊಂದು ಹೆರಿಗೆ ಆಗುವವರೆಗೆ ಕಾಯಲು ಹೇಳುತ್ತಿದ್ದರಂತೆ, ಯಾಕೆಂದರೆ ಮತ್ತೆ ಬಸಿರಾದರೆ ಆಕಾರ ಮತ್ತೆ ಬದಲಾಗುತ್ತದೆ.

ಗಾತ್ರದ ವಿಷಯದಲ್ಲಿ ನಾನು ಡಾಕ್ಟರ ಮಾತಿಗಷ್ಟೇ ಬಿಡಲಿಲ್ಲ. ಎದೆಯ ಅಗಲಕ್ಕೆ ಹೊಂದುವಂತೆ 225ರಿಂದ 275 ಸಿಸಿ ಅಂದಿದ್ದರು. ಒಂದು ಸಿಸಿ ಅಂದರೆ ಒಂದು ಎಂಎಲ್. ಮನೆಗೆ ಬಂದು ಚಿಕ್ಕವನ ಹಳೇ ಹಾಲಿನ ಬಾಟಲಿ ತೆಗೆದೆ. ಅದರ ಮೇಲೆ ಎಂಎಲ್ ಗೆರೆ ಇರುತ್ತದಲ್ಲ. 250ರ ಹತ್ತಿರದವರೆಗೆ ಜೋಳ ಅಳೆದು, ತೆಳ್ಳನೆಯ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿ, ಎರಡೂ ಬದಿಗೆ ಬ್ರಾ ಒಳಗಿಟ್ಟುಕೊಂಡೆ. ಹಾಗೇ ರೊಟ್ಟಿ ಬಡಿದೆ, ಮಷಿನ್ ತುಳಿದೆ, ಮಗನ ಹಿಂದೆ ಓಡಿದೆ. ಇನ್ನೊಂದು ದಿನ 300. ಬಗ್ಗಿ ಬಟ್ಟೆ ಕತ್ತರಿಸುವಾಗ ಅದು ಜಾಸ್ತಿ ಆಯಿತು ಅಂತ ತಕ್ಷಣ ಗೊತ್ತಾಯಿತು. ನಿಜವಾದ ಜೆಲ್ ಜೋಳಕ್ಕಿಂತ ಭಾರ. ಆದ್ದರಿಂದ ಚಿಕ್ಕದೇ ಇರಲಿ ಅಂದೆ. ದೊಡ್ಡದು ಹಾಕಿಸಿಕೊಂಡರೆ ಅದರ ಭಾರಕ್ಕೇ ಚರ್ಮ ಮತ್ತೆ ಹಿಗ್ಗುತ್ತದೆ ಅನ್ನುವುದನ್ನೂ ಮರೆಯಬಾರದು.

ಹೆದರಿಕೆಯ ವಿಷಯಗಳನ್ನು ಡಾಕ್ಟರು ಮುಚ್ಚಿಡಲಿಲ್ಲ. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತು ಅಲ್ಲ. ಮುಂದೆ ತೆಗೆಸಬೇಕಾಗಬಹುದು, ಬದಲಿಸಬೇಕಾಗಬಹುದು. ಅದರ ಸುತ್ತ ಮೈ ಕಟ್ಟುವ ಪೊರೆ ಕೆಲವರಿಗೆ ಬಿಗಿದು ಗಟ್ಟಿಯಾಗಿ ನೋಯುತ್ತದೆ. ಒಡೆಯಲೂಬಹುದು. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು, ಕೆಲವರಿಗೆ ಅದು ವಾಪಸ್ ಬರುವುದೇ ಇಲ್ಲ. ಒರಟು ಮೈಯ ಇಂಪ್ಲಾಂಟಿಗೂ ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರಿಗೂ ನಂಟಿದೆ. 2019ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೇಳಿದ ಮೇಲೆ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಅನ್ನುವ ಒರಟು ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ನಾನು ನುಣುಪು ಮೈಯದ್ದೇ ಕೇಳಿ ಹಾಕಿಸಿಕೊಂಡೆ. ಆಪರೇಶನ್‌ಗೆ ಮುಂಚೆ ಎದೆಯ ಸ್ಕ್ಯಾನ್ ಆಯಿತು. ಮುಂದೆ ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಾಮ್‌ಗೆ ಹೋದಾಗಲೆಲ್ಲ ಇಂಪ್ಲಾಂಟ್ ಇದೆ ಅಂತ ಮೊದಲೇ ಹೇಳಬೇಕು, ಬೇರೆ ಕೋನದಿಂದಲೂ ಚಿತ್ರ ತೆಗೆಯಬೇಕಾಗುತ್ತದೆ.

ದುಡ್ಡು ಪೂರ್ತಿ ಕೈಯಿಂದಲೇ. ಅಂದಕ್ಕಾಗಿ ಮಾಡಿಸುವ ಆಪರೇಶನ್‌ಗೆ ಹೆಲ್ತ್ ಇನ್ಶೂರೆನ್ಸ್ ಬರುವುದಿಲ್ಲ. ಬೇರೆ ಚಿಕಿತ್ಸೆಗಿಲ್ಲದ ಜಿಎಸ್‌ಟಿ ಇದಕ್ಕಿದೆ, 18 ಪರ್ಸೆಂಟ್. ಹೇಳಿದ ರೇಟಿನಲ್ಲಿ ಅದು ಸೇರಿದೆಯಾ ಅಂತ ಮೊದಲೇ ಕೇಳಿ. ಚೀಟಿ ಎತ್ತಿದ್ದು ನನ್ನ ಹೆಸರಿನದು.

ಆಷಾಢದಲ್ಲಿ ಮಾಡಿಸಿಕೊಂಡೆ. ಮದುವೆ ಇಲ್ಲ, ಅಂಗಡಿಯಲ್ಲಿ ಕೆಲಸ ಕಡಿಮೆ. ನೋವು ಹೆರಿಗೆಯ ಮುಂದೆ ಏನೂ ಅಲ್ಲ, ಆದರೆ ಎದೆ ಬಿಗಿದು ಕಟ್ಟಿದ ಹಾಗೆ. ಕೈ ಮೇಲೆತ್ತಿ ತಲೆ ಬಾಚುವುದೂ ಆಗಲಿಲ್ಲ. ಭಾರ ಎತ್ತಬಾರದು ಅಂತ ವಾರಗಟ್ಟಲೆ ಹೇಳುತ್ತಾರೆ, ಆ ಭಾರದಲ್ಲಿ ಮಕ್ಕಳೂ ಸೇರಿದ್ದಾರೆ. ಓಡಿ ಬಂದು ಮೈಮೇಲೆ ಹಾರುವ ಮಗನನ್ನು ತಡೆಯುವುದೇ ದೊಡ್ಡ ಕೆಲಸವಾಯಿತು. ಅವ್ವ ಬಂದಿದ್ದಳು. ರೊಟ್ಟಿ ಕೇಂದ್ರದಿಂದ ರೊಟ್ಟಿ ಬಂತು. ಶ್ರಾವಣದಲ್ಲಿ ಪಂಚಮಿ ಬಂದಾಗ ಎಲ್ಲರೂ ಜೋಕಾಲಿ ಜೀಕಿದರು, ನಾನು ಎಳ್ಳುಂಡಿ ತಿನ್ನುತ್ತಾ ಕೂತೆ.

ಶುರುವಿನಲ್ಲಿ ಎದೆ ತೀರಾ ಮೇಲೆ, ಉಬ್ಬಿಕೊಂಡು ಕೂತಿತ್ತು. ನೋಡಿ ಗಾಬರಿ ಆಯಿತು. ಅದು ಕೆಳಗಿಳಿದು ಮೆತ್ತಗಾಗಲು ತಿಂಗಳುಗಳೇ ಬೇಕು. ಆ ಸಮಯದಲ್ಲಿ ಹೊಸ ಬ್ಲೌಸ್ ಹೊಲಿಸಬೇಡಿ, ಬಟ್ಟೆ ದಂಡ. ಎಲ್ಲ ಒಂದು ಹದಕ್ಕೆ ಬಂದ ಮೇಲೆ ನಾನೇ ಅಳತೆ ತೆಗೆದುಕೊಂಡೆ. ಸುತ್ತಳತೆ ಬದಲಾಗಿದೆ, ಮೇಲಿನ ಸುಕ್ಕು ಹೋಗಿದೆ. ಭುಜದಿಂದ ಪಾಯಿಂಟ್ ಹೆಚ್ಚೂಕಡಿಮೆ ಅಲ್ಲೇ ಇದೆ. ಹದಿನೆಂಟರ ಎದೆ ವಾಪಸ್ ಬಂದಿಲ್ಲ, ಬರುತ್ತದೆ ಅಂತ ಡಾಕ್ಟರೂ ಹೇಳಿರಲಿಲ್ಲ. ನನಗೆ ಇಷ್ಟು ಸಾಕು.

ಇಂಪ್ಲಾಂಟಿನ ಕಂಪನಿ, ಸೈಜು, ಲಾಟ್ ನಂಬರ್ ಇರುವ ಕಾರ್ಡ್ ಎಲ್‌ಐಸಿ ಬಾಂಡಿನ ಫೈಲಿನಲ್ಲಿದೆ. ಐದಾರು ವರ್ಷ ಆದಾಗ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಂತ ಅದರ ಹಿಂದೆ ಬರೆದಿಟ್ಟಿದ್ದೇನೆ.

ಮೊನ್ನೆ ಖಣದ ಬ್ಲೌಸ್ ಹೊಲಿಸಲು ಬಂದ ಒಬ್ಬಳು ಮೆಲ್ಲಗೆ ಇದೇ ವಿಷಯ ತೆಗೆದಳು. ಮಗು ಇನ್ನೂ ಹಾಲು ಕುಡಿಯುತ್ತಿದೆ. ಮೊದಲು ಹಾಲು ಬಿಡಿಸು, ಆಮೇಲೂ ಆರು ತಿಂಗಳು ಬಿಡು, ತೂಕ ಒಂದು ಕಡೆ ನಿಲ್ಲಲಿ ಅಂದೆ. "ಅಲ್ಲೀತನಕ ಬ್ಲೌಸ್ ಹ್ಯಾಂಗ್ರಿ ಅಕ್ಕಾರ?" ಅಂದಳು. ಎರಡೂ ಬದಿಗೆ ಒಳಗೆ ಜಾಸ್ತಿ ಬಟ್ಟೆ ಬಿಟ್ಟು ಹೊಲಿದು ಕೊಟ್ಟಿದ್ದೇನೆ.