ಒಂದು ಮೀಟರ್ ಕೋಲು, ಡಿಸೆಂಬರಿನ ಬಿಸಿಲು: ಹಾಸನದ ಸರ್ಕಾರಿ ಪ್ರೌಢಶಾಲೆಗಳಿಗೆ ಒಂದು ಪಾಠಕ್ರಮ

ಸರ್ಕಾರಿ ಶಾಲೆಗಳಲ್ಲಿ ಗಣಿತ, ವಿಜ್ಞಾನದ ಬೋಧನೆ ಸುಧಾರಿಸಬೇಕೆಂಬ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಉಪಕರಣಗಳ ಬೇಡಿಕೆ. ಬೇಡಿಕೆ ನ್ಯಾಯವಾದದ್ದೇ, ಆದರೆ ಮಕ್ಕಳೇ ಅಳೆದು, ಬರೆದಿಟ್ಟು, ಲೆಕ್ಕ ಹಾಕುವ ಅವಕಾಶವಿಲ್ಲದಿದ್ದರೆ ಬಂದ ಉಪಕರಣಗಳೂ ಬೀರುವಿನಲ್ಲೇ ಉಳಿಯುತ್ತವೆ. ಅಂತಹ ಅವಕಾಶವನ್ನು ಶಾಲೆಯ ಅಂಗಳದಲ್ಲಿ ನೆಟ್ಟ ಒಂದು ಕೋಲೂ ಒದಗಿಸಬಲ್ಲದು.

ಇದಕ್ಕೆ ಡಿಸೆಂಬರ್ 21ರ ಆಸುಪಾಸಿನ ದಿನಗಳು ಅನುಕೂಲ. ಸಕಲೇಶಪುರದ ಕಡೆ ಬೆಳಿಗ್ಗೆ ಮಂಜು ಮುಸುಕಿದ್ದರೂ ಮಧ್ಯಾಹ್ನಕ್ಕೆ ಸಾಮಾನ್ಯವಾಗಿ ಬಿಸಿಲು ಬಂದಿರುತ್ತದೆ. ಸಮತಟ್ಟಾದ ಜಾಗದಲ್ಲಿ, ನೆಲದ ಮೇಲೆ ಸರಿಯಾಗಿ 1 ಮೀಟರ್ ಉಳಿಯುವಂತೆ ನೇರವಾದ ಕೋಲೊಂದನ್ನು ನೆಡಿಸಿ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು, ಕೋಲು ಯಾವ ಕಡೆಗೂ ವಾಲಿಲ್ಲವೆಂದು ಮಕ್ಕಳಿಂದಲೇ ಖಚಿತಪಡಿಸಿಕೊಳ್ಳಿ.

ನೆರಳು ಅತಿ ಗಿಡ್ಡವಾಗುವ ಕ್ಷಣವನ್ನು ನೇರವಾಗಿ ಹಿಡಿಯಲು ಹೋಗಬೇಡಿ, ಏಕೆಂದರೆ ಆ ಹೊತ್ತಿನಲ್ಲಿ ನೆರಳಿನ ಉದ್ದ ಬದಲಾಗುವುದು ಕಣ್ಣಿಗೆ ಕಾಣದಷ್ಟು ನಿಧಾನ. ಬದಲಿಗೆ 11.30ಕ್ಕೆ ನೆರಳಿನ ತುದಿಯನ್ನು ಗುರುತಿಸಿ, ಕೋಲಿನ ಬುಡವನ್ನು ಕೇಂದ್ರವಾಗಿಟ್ಟುಕೊಂಡು ಆ ಗುರುತಿನ ಮೂಲಕ ಹಗ್ಗದಿಂದ ವೃತ್ತ ಎಳೆಸಿ. ಒಳಗೆ ಸರಿದ ನೆರಳು ಮಧ್ಯಾಹ್ನದ ನಂತರ ಮತ್ತೆ ವೃತ್ತವನ್ನು ಮುಟ್ಟುವುದು ಸುಮಾರು 1.18ಕ್ಕೆ. ಅದು ಬಿಸಿಯೂಟದ ಹೊತ್ತಾದ್ದರಿಂದ ಇಬ್ಬರನ್ನು ಕಾವಲಿಗೆ ನಿಲ್ಲಿಸಿ, ಅವರ ಊಟ ತಪ್ಪದಂತೆ ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿರಬೇಕು. ಎರಡು ಗುರುತುಗಳ ನಡುವಿನ ಕೋನವನ್ನು ಅರ್ಧಿಸುವ ರೇಖೆಯೇ ಉತ್ತರ–ದಕ್ಷಿಣ; ಎರಡು ವೇಳೆಗಳ ನಡುಬಿಂದುವೇ ನಿಜವಾದ ನಡುಹಗಲು.

ಮರುದಿನ ಆ ರೇಖೆಯ ಮೇಲೆ ಬೀಳುವ ನೆರಳನ್ನು ಮೂವರು ಬೇರೆಬೇರೆಯಾಗಿ ಅಳೆಯಲಿ. ಸೂರ್ಯ ಬಿಂದುವಲ್ಲ, ಬಿಂಬ. ಹಾಗಾಗಿ ನೆರಳಿನ ತುದಿ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚೇ ಮಸುಕಾಗಿರುತ್ತದೆ, ಒಬ್ಬರು 73 ಎಂದರೆ ಇನ್ನೊಬ್ಬರು 75 ಎನ್ನುತ್ತಾರೆ. ಈ ಜಗಳವನ್ನು ನಿಲ್ಲಿಸಬೇಡಿ. ಸರಾಸರಿ ಏಕೆ ಬೇಕೆಂಬುದು ಅಲ್ಲಿ ತಿಳಿಯುವಷ್ಟು ಚೆನ್ನಾಗಿ ಯಾವ ಅಭ್ಯಾಸ ಪ್ರಶ್ನೆಯಲ್ಲೂ ತಿಳಿಯುವುದಿಲ್ಲ.

ನಡುಹಗಲು 12 ಗಂಟೆಗೆ ಬರದೆ 12.24ರ ಸುಮಾರಿಗೆ ಬಂದದ್ದನ್ನು ಕಂಡು ಅಳತೆ ತಪ್ಪಿತೆಂದು ತೀರ್ಮಾನಿಸಬಾರದು. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಹಾಸನವಿರುವುದು ಸುಮಾರು 76.1ರಲ್ಲಿ, ಡಿಗ್ರಿಗೆ 4 ನಿಮಿಷದಂತೆ 25 ನಿಮಿಷಕ್ಕೂ ಹೆಚ್ಚು ವ್ಯತ್ಯಾಸ ಬರುತ್ತದೆ. ಉಳಿದ ಒಂದೆರಡು ನಿಮಿಷಕ್ಕೆ ಭೂಮಿಯ ಅಕ್ಷದ ಓರೆ ಮತ್ತು ದೀರ್ಘವೃತ್ತದ ಕಕ್ಷೆ ಕಾರಣ. ಇದೇ ಕಾರಣದಿಂದ ನಡುಹಗಲು ನವೆಂಬರ್ ಆರಂಭದಲ್ಲಿ 12.09ಕ್ಕೂ ಫೆಬ್ರುವರಿ ನಡುವಿನಲ್ಲಿ 12.40ಕ್ಕೂ ಸರಿಯುತ್ತದೆ. ವಿವರಣೆ ಕೊಡುವ ಮುನ್ನ ಮಕ್ಕಳು ಒಂದು ದಿನವಾದರೂ ತಲೆಕೆಡಿಸಿಕೊಳ್ಳಲಿ.

ನಂತರ ಕೋಲನ್ನು 10 ಸೆಂ.ಮೀ., ನೆರಳನ್ನು 7.4 ಸೆಂ.ಮೀ. ಮಾಡಿ ಹಾಳೆಯ ಮೇಲೆ ಲಂಬಕೋನ ತ್ರಿಭುಜ ಬರೆಸಿ. ಕೋಲಿನ ತುದಿಯ ಕೋನ ಕೋನಮಾಪಕದಲ್ಲಿ ಸುಮಾರು 36.5 ಡಿಗ್ರಿ ಬರುತ್ತದೆ, ಆ ದಿನಗಳಲ್ಲಿ ಸೂರ್ಯ ಸಮಭಾಜಕ ವೃತ್ತದಿಂದ 23.5 ಡಿಗ್ರಿ ದಕ್ಷಿಣಕ್ಕಿರುವುದರಿಂದ ಅಷ್ಟನ್ನು ಕಳೆದರೆ ಉಳಿಯುವ 13 ಹಾಸನದ ಅಕ್ಷಾಂಶ. ಹತ್ತನೆಯ ತರಗತಿಯವರು ಇದನ್ನೇ ತ್ರಿಕೋನಮಿತಿಯ ಕೋಷ್ಟಕದಿಂದ ತಾಳೆ ನೋಡಬಹುದು. ಕೆಳಗಿನ ತರಗತಿಯವರಿಗೆ ಅದೇ ಹೊತ್ತಿನ ಧ್ವಜಸ್ತಂಭದ ನೆರಳು ಸಾಕು, ಅನುಪಾತದಿಂದ ಎತ್ತರ ಸಿಗುತ್ತದೆ.

ಬೀದರಿನ ಶಿಕ್ಷಕರ ಪರಿಚಯವಿದ್ದರೆ ಮಾರ್ಚ್ 21ರಂದು ಇಬ್ಬರೂ ಅಳೆದು ಫೋನಿನಲ್ಲಿ ಹಂಚಿಕೊಳ್ಳಿ. ಹಾಸನದಲ್ಲಿ ಸುಮಾರು 23 ಸೆಂ.ಮೀ., ಬೀದರಿನಲ್ಲಿ 32 ಬರಬೇಕು. ಕೋನದ ಅಂತರ ಹತ್ತಿರ ಹತ್ತಿರ 5 ಡಿಗ್ರಿ, ಉತ್ತರ–ದಕ್ಷಿಣ ದೂರ ಸುಮಾರು 545 ಕಿ.ಮೀ.; ಪೂರ್ಣ ವೃತ್ತದ 360 ಡಿಗ್ರಿಯಲ್ಲಿ ಇಂತಹ 5 ಡಿಗ್ರಿಗಳು 72 ಇರುವುದರಿಂದ 72ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ 39,240 ಕಿ.ಮೀ. ಎಂದು ಬರುತ್ತದೆ, ನಿಜವಾದದ್ದು ಸುಮಾರು 40,000. ಗ್ರೀಕ್ ವಿದ್ವಾಂಸ ಎರಾಟೊಸ್ಥೆನೀಸ್ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮಾಡಿದ ಲೆಕ್ಕವೂ ಇದೇ ಬಗೆಯದು. ಮಾರ್ಚ್‌ನಲ್ಲಿ ಹತ್ತನೆಯವರು ಪರೀಕ್ಷೆಯ ಗಡಿಬಿಡಿಯಲ್ಲಿರುವುದರಿಂದ ಈ ಭಾಗವನ್ನು ಎಂಟು, ಒಂಬತ್ತನೆಯ ತರಗತಿಯವರಿಗೆ ಒಪ್ಪಿಸುವುದು ಒಳ್ಳೆಯದು.