ಹನ್ನೊಂದು ಅರ್ಜಿ, ನಾಲ್ಕು ಸ್ಕಾಲರ್‌ಶಿಪ್: ಗಣಿ ಓದಿಗೆ ನಾನು ಹಣ ಹೊಂದಿಸಿದ ಬಗೆ

‘ಚಿಕ್ಕಂದಿನಿಂದಲೂ ನನಗೆ ಕಲ್ಲುಗಳೆಂದರೆ ಪಂಚಪ್ರಾಣ.’ ನನ್ನ ಮೊದಲ ಸ್ಕಾಲರ್‌ಶಿಪ್ ಪ್ರಬಂಧ ಶುರುವಾಗಿದ್ದು ಈ ವಾಕ್ಯದಿಂದ. ಅಪ್ಪಟ ಸುಳ್ಳು. ಚಿಕ್ಕಂದಿನಲ್ಲಿ ನನಗೆ ಕಲ್ಲು ಬೇಕಾಗುತ್ತಿದ್ದದ್ದು ಎಸೆಯುವುದಕ್ಕೆ ಮಾತ್ರ. ಭೂವಿಜ್ಞಾನಕ್ಕೆ ಸೇರಿದ್ದೂ ಕೇಳಿದ ಕೋರ್ಸಿನಲ್ಲಿ ಸೀಟು ಸಿಗದ ಕಾರಣಕ್ಕೆ. ಆದರೂ ಆ ಪ್ರಬಂಧವನ್ನು ಹೆಸರು, ದಿನಾಂಕ ಬದಲಿಸಿ ಐದು ಕಡೆ ಕಳಿಸಿದೆ. ಮೂರು ಕಡೆಯಿಂದ ವಿಷಾದದ ಪತ್ರ ಬಂತು, ಎರಡು ಕಡೆಯಿಂದ ಅದೂ ಇಲ್ಲ. ಮುಂದಿನ ಎರಡು ವರ್ಷಗಳಲ್ಲಿ ಇನ್ನೂ ಆರು ಅರ್ಜಿ ಹಾಕಿದೆ. ನಾಲ್ಕು ಸಿಕ್ಕವು, ಮೂರನ್ನು ತೆಗೆದುಕೊಂಡೆ. ಈ ನಡುವೆ ನನ್ನ ಅಂಕಗಳೇನೂ ಏರಿರಲಿಲ್ಲ, ನಿಜ ಹೇಳಬೇಕೆಂದರೆ ಕೊಂಚ ಇಳಿದೇ ಇದ್ದವು. ಏರಿದ್ದು ಬೇರೆ.

ಮೊದಲು ಖರ್ಚಿನ ಮಾತು. ಗಣಿ ಎಂಜಿನಿಯರಿಂಗ್ ಅಥವಾ ಭೂವಿಜ್ಞಾನ ಓದುವವರ ಮನೆಯವರಿಗೆ ಕಾಣುವುದು ಕಾಲೇಜಿನ ಶುಲ್ಕವೊಂದೇ. ಜೇಬು ತೂತಾಗುವುದು ಬೇರೆಡೆ. ಕ್ಷೇತ್ರ ಶಿಬಿರಕ್ಕೆ ವಾರಗಟ್ಟಲೆ ಊರು ಬಿಟ್ಟು ಹೋಗಬೇಕು, ಗಣಿಯಲ್ಲಿ ತರಬೇತಿ ಅಂದರೆ ಬಸ್ಸು ಕೂಡ ಸರಿಯಾಗಿ ಹೋಗದ ಜಾಗದಲ್ಲಿ ಎರಡು ತಿಂಗಳು ಇರಬೇಕು. ಬೂಟು, ಸುತ್ತಿಗೆ, ಹ್ಯಾಂಡ್ ಲೆನ್ಸ್, ಕಂಪಾಸ್ ಎಲ್ಲ ಬೇಕು. ಉಳಿದವರು ರಜೆಯಲ್ಲಿ ಅಲ್ಲಿ ಇಲ್ಲಿ ಕೆಲಸ ಮಾಡಿ ನಾಲ್ಕು ಕಾಸು ಮಾಡಿಕೊಳ್ಳುವಾಗ ನಾವು ಶಿಬಿರದಲ್ಲಿ ನಕ್ಷೆ ಬಿಡಿಸುತ್ತಿರುತ್ತೇವೆ. ಹಾಗಾಗಿ ಶುಲ್ಕಕ್ಕೆ ಮಾತ್ರ ಎಂದು ಕಟ್ಟುಹಾಕಿದ ಸ್ಕಾಲರ್‌ಶಿಪ್‌ಗಿಂತ, ಮೊತ್ತ ಸಣ್ಣದಾದರೂ ಕೈಗೆ ಕೊಡುವ ಸ್ಕಾಲರ್‌ಶಿಪ್ ನನಗೆ ಹೆಚ್ಚು ಕೆಲಸಕ್ಕೆ ಬಂತು.

ಐದು ಸೋಲಿನ ನಂತರ ನಮ್ಮ ಮೇಡಂ ಒಬ್ಬರಿಗೆ ಪ್ರಬಂಧ ತೋರಿಸಿದೆ. ಅವರು ಓದಿ ಮುಗಿಸಿ, ‘ಇದರಲ್ಲಿ ಭೂಮಿ ಇದೆ, ಖನಿಜ ಇದೆ, ದೇಶದ ಪ್ರಗತಿ ಇದೆ. ನೀನೆಲ್ಲಪ್ಪ?’ ಎಂದರು. ನಾನು ಸುಮ್ಮನಿದ್ದೆ. ‘ಬೇಸಿಗೆಯಲ್ಲಿ ಏನು ಮಾಡಿದೆ?’ ಎಂದು ಕೇಳಿದರು. ಕೋರ್ ಶೆಡ್‌ನಲ್ಲಿ ಇದ್ದೆ ಎಂದೆ. ‘ಅಲ್ಲೇನಾಯಿತು, ಹೇಳು.’

ಹೇಳಿದೆ. ಅದೇ ಮುಂದೆ ಪ್ರಬಂಧವಾಯಿತು.

ಡ್ರಿಲ್ ಮಾಡಿ ತೆಗೆದ ಕೋರ್, ಅಂದರೆ ಕಲ್ಲಿನ ಉದ್ದನೆಯ ದಿಂಡುಗಳನ್ನು, ಸಾಲು ಸಾಲು ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿರುತ್ತಾರೆ. ವಿದ್ಯಾರ್ಥಿಗೆ ಕೊಡುವ ಕೆಲಸ ಎಲ್ಲಕ್ಕಿಂತ ಬೇಸರದ್ದು: ಆರ್‌ಕ್ಯೂಡಿ, ಅಂದರೆ ಬಂಡೆಯ ಗುಣಮಟ್ಟ, ಅಳೆಯುವುದು. 10 ಸೆಂಟಿಮೀಟರಿಗಿಂತ ಉದ್ದವಿರುವ ತುಂಡುಗಳನ್ನೆಲ್ಲ ಕೂಡಿಸಿ, ಕೊರೆದ ಒಟ್ಟು ಉದ್ದದಿಂದ ಭಾಗಿಸಿ, ಶೇಕಡಾ ಲೆಕ್ಕದಲ್ಲಿ ಬರೆಯಬೇಕು. ಬಂಡೆ ಎಷ್ಟು ಗಟ್ಟಿ, ಎಷ್ಟು ಬಿರುಕು ಬಿಟ್ಟಿದೆ ಎಂದು ಹೇಳಲು 1960ರ ದಶಕದಲ್ಲಿ ಡಾನ್ ಡೀರ್ ಎಂಬ ಎಂಜಿನಿಯರ್ ರೂಢಿಗೆ ತಂದ ಅಳತೆ ಇದು. ಸುರಂಗದ ಛಾವಣಿಗೆ ಎಷ್ಟು ಆಧಾರ ಕೊಡಬೇಕು ಎನ್ನುವ ಲೆಕ್ಕಕ್ಕೂ ಇದು ಬೇಕು.

ಒಂದು ಬೋರ್‌ಹೋಲ್‌ನಲ್ಲಿ 3 ಮೀಟರಿನ ಒಂದು ಭಾಗಕ್ಕೆ ಹಳೆಯ ದಾಖಲೆ ಶೇ. 42 ಎನ್ನುತ್ತಿತ್ತು. ಅದರ ಮೇಲೂ ಕೆಳಗೂ ಶೇ. 70ರ ಆಸುಪಾಸು. ನಡುವೆ ಮಾತ್ರ ಬಂಡೆ ಹೀಗೇಕೆ ಪುಡಿಪುಡಿಯಾಗಿದೆ? ಸ್ತರಭಂಗ, ಅಂದರೆ ನೆಲದೊಳಗೆ ಬಂಡೆ ಸೀಳಿ ಸರಿದ ಜಾಗ, ಇರಬಹುದೆಂದು ಹಿಗ್ಗಿ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಸಹಜ ಬಿರುಕಾದರೆ ಮೈಮೇಲೆ ತುಕ್ಕಿನ ಕಲೆ, ಜೇಡಿ ಅಥವಾ ಕ್ಯಾಲ್ಸೈಟ್‌ನ ತೆಳು ಲೇಪ ಇರುತ್ತದೆ. ಇಲ್ಲಿ ಮುರಿದ ಮುಖಗಳೆಲ್ಲ ಆಗಷ್ಟೇ ಒಡೆದಂತೆ ಹೊಳೆಯುತ್ತಿದ್ದವು. ಪೆಟ್ಟಿಗೆಗೆ ಹಿಡಿಸಲೆಂದು ಯಾರೋ ಸುತ್ತಿಗೆಯಲ್ಲಿ ಮುರಿದು ತುಂಬಿದ್ದರು, ಕೆಲವನ್ನು ತಲೆಕೆಳಗಾಗಿ ಇಟ್ಟಿದ್ದರು. ತಿರುಗಿಸಿ ಜೋಡಿಸಿದರೆ ಅಂಚಿಗೆ ಅಂಚು ಕೂಡಿಕೊಂಡವು. ಕೈಯಿಂದಾದ ಮುರಿತವನ್ನು ಲೆಕ್ಕಕ್ಕೆ ಹಿಡಿಯಬಾರದು ಎನ್ನುವುದು ಆರ್‌ಕ್ಯೂಡಿಯ ಮೊದಲ ಪಾಠ. ಹೊಸದಾಗಿ ಅಳೆದಾಗ 1.26 ಮೀಟರ್ ಇದ್ದದ್ದು 2.13 ಆಯಿತು, ಶೇ. 42 ಹೋಗಿ ಶೇ. 71. ಸ್ತರಭಂಗ ಕಂಡುಹಿಡಿದ ಕೀರ್ತಿ ಕೈತಪ್ಪಿತು ಎಂದು ಅವತ್ತು ನನಗೆ ಬೇಸರವಾಗಿದ್ದೂ ನಿಜ.

ಇಷ್ಟನ್ನೇ ಬರೆದೆ. ಕಡೆಯಲ್ಲಿ ಎರಡು ಸಾಲು: ಈ ತಪ್ಪು ಉಳಿದ ಪೆಟ್ಟಿಗೆಗಳಲ್ಲೂ ಇದೆಯೇ ಎಂದು ನೋಡಲು ನನಗೆ ಸಮಯ ಸಿಗಲಿಲ್ಲ, ಬಂಡೆಯ ಬಲದ ಬಗ್ಗೆ ಇನ್ನಷ್ಟು ಓದಬೇಕೆಂದು ಗಣಿ ಎಂಜಿನಿಯರಿಂಗ್ ಕಡೆ ತಿರುಗುತ್ತಿದ್ದೇನೆ. ದೇಶದ ಪ್ರಗತಿಯ ಸುದ್ದಿಯೇ ಎತ್ತಲಿಲ್ಲ. ಆ ಪ್ರಬಂಧ ಹೋದ ನಾಲ್ಕು ಕಡೆಗಳಲ್ಲಿ ಮೂರು ಕಡೆ ಗೆದ್ದಿತು. ಒಂದು ಸಂದರ್ಶನದಲ್ಲಂತೂ ಆಯ್ಕೆ ಸಮಿತಿಯವರು ನನ್ನ ಬಗ್ಗೆ ಏನೂ ಕೇಳದೆ, ಆ ಪೆಟ್ಟಿಗೆ ತುಂಬಿದವರಿಗೆ ಏನು ಹೇಳಿದಿರಿ ಎಂದಷ್ಟೇ ಕೇಳಿದರು. ಸಮಿತಿಯಲ್ಲಿ ಕೂರುವವರು ಬಹುಮಟ್ಟಿಗೆ ನಿವೃತ್ತ ಭೂವಿಜ್ಞಾನಿಗಳು, ಗಣಿ ಮ್ಯಾನೇಜರುಗಳು. ಧೂಳು ಕುಡಿದು ಬಂದವರ ಮುಂದೆ ಧೂಳಿನ ವರ್ಣನೆ ನಡೆಯುವುದಿಲ್ಲ.

ಹಣ ಎಲ್ಲಿದೆ ಎಂದು ಹುಡುಕುವುದರಲ್ಲೂ ನಾನು ಮೊದಲು ಎಡವಿದ್ದೆ. ಎಲ್ಲ ವಿದ್ಯಾರ್ಥಿಗಳಿಗೂ ತೆರೆದ ದೊಡ್ಡ ಸ್ಕಾಲರ್‌ಶಿಪ್‌ಗಳಿಗೇ ಮುಗಿಬಿದ್ದಿದ್ದೆ. ಅಲ್ಲಿ ಸಾವಿರಾರು ಜನ. ನಮ್ಮ ವೃತ್ತಿಗೆಂದೇ ಇರುವ ನಿಧಿಗಳು ವೃತ್ತಿ ಸಂಘಗಳ ಮಡಿಲಲ್ಲಿವೆ, ಅಲ್ಲಿ ಸಾಲು ಚಿಕ್ಕದು. ಅಮೆರಿಕದ ಗಣಿ, ಲೋಹವಿಜ್ಞಾನ ಮತ್ತು ಅನ್ವೇಷಣೆಯ ಸಂಘ, ಅಂದರೆ ಎಸ್‌ಎಂಇ, 1893ರಿಂದ ಇರುವ ಆಸ್ಟ್ರೇಲಿಯಾದ ಗಣಿ ಮತ್ತು ಲೋಹವಿಜ್ಞಾನ ಸಂಸ್ಥೆ ಆಸ್‌ಐಎಂಎಂ, 1920ರಲ್ಲಿ ಶುರುವಾದ ಅದಿರು ಭೂವಿಜ್ಞಾನಿಗಳ ಸಂಘ ಸೊಸೈಟಿ ಆಫ್ ಎಕನಾಮಿಕ್ ಜಿಯಾಲಜಿಸ್ಟ್ಸ್ ಇವೆಲ್ಲ ವಿದ್ಯಾರ್ಥಿಗಳಿಗೆ ಕಡಿಮೆ ದರದಲ್ಲಿ ಸದಸ್ಯತ್ವ ಕೊಡುತ್ತವೆ. ಹಲವು ನಿಧಿಗಳಿಗೆ ಸದಸ್ಯತ್ವವೇ ಮೊದಲ ಷರತ್ತು. ಗಡುವಿನ ಹಿಂದಿನ ದಿನ ಸದಸ್ಯರಾಗುವವರನ್ನು ಸಮಿತಿ ಗುರುತಿಸದೇ ಇರುವುದಿಲ್ಲ, ಒಂದು ವರ್ಷ ಮೊದಲೇ ಆಗಿಬಿಡುವುದು ವಾಸಿ.

ಈ ನಿಧಿಗಳ ಹುಟ್ಟು ತಿಳಿದುಕೊಂಡರೆ ಅರ್ಜಿಗೂ ಉಪಯೋಗ. ಜಿಯಾಲಜಿಕಲ್ ಸೊಸೈಟಿ ಆಫ್ ಅಮೆರಿಕ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಶೋಧನಾ ಅನುದಾನ ಕೊಡಲು ಶುರುಮಾಡಿದ್ದು 1933ರಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ ತೀರಿಕೊಂಡ ರಿಚರ್ಡ್ ಪೆನ್‌ರೋಸ್ ಎಂಬ ಭೂವಿಜ್ಞಾನಿ ಸುಮಾರು 40 ಲಕ್ಷ ಡಾಲರನ್ನು ಆ ಸಂಸ್ಥೆಗೆ ಬರೆದಿಟ್ಟಿದ್ದರು. ಆ ದುಡ್ಡು ಬಂದದ್ದು ತಾಮ್ರ, ಬೆಳ್ಳಿಯ ಗಣಿಗಳಿಂದ. ಎಕನಾಮಿಕ್ ಜಿಯಾಲಜಿಸ್ಟರ ಸಂಘದಲ್ಲಿ ಗಣಿ ಭೂವಿಜ್ಞಾನಿ ಹ್ಯೂ ಮೆಕಿನ್‌ಸ್ಟ್ರಿ ಅವರ ಹೆಸರಿನ ನಿಧಿಯೊಂದಿದೆ. ಅದು ಕ್ಷೇತ್ರಕ್ಕೆ ಇಳಿದು ಮಾಡುವ ಅಧ್ಯಯನಕ್ಕೆ ಆದ್ಯತೆ ಕೊಡುತ್ತದೆ. ಅಂಥ ನಿಧಿಗೆ ಕಂಪ್ಯೂಟರ್ ಮಾದರಿಯೊಂದನ್ನೇ ನಂಬಿದ ಯೋಜನೆ ಕಳಿಸಿದರೆ ಅದೆಷ್ಟೇ ಚೆನ್ನಾಗಿದ್ದರೂ ಗೋಡೆಗೆ ಹೇಳಿದ ಹಾಗೆ. ನಿಧಿ ಯಾರ ನೆನಪಿನದು, ಅವರು ಏನು ಕೆಲಸ ಮಾಡಿದವರು ಎಂದು ಅರ್ಧ ದಿನ ಓದಿದ್ದು ನನಗೆ ಯಾವತ್ತೂ ದಂಡವಾಗಲಿಲ್ಲ.

ಇನ್ನೊಂದು ಗುಟ್ಟು. ಗುಟ್ಟೇನೂ ಅಲ್ಲ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅಷ್ಟೆ. ಎಲ್ಲರಿಗೂ ಚಿನ್ನ ಬೇಕು, ಈಗ ಲಿಥಿಯಂ ಬೇಕು. ಜಲ್ಲಿ, ಸುಣ್ಣದಕಲ್ಲು, ಜೇಡಿಮಣ್ಣು ಯಾರಿಗೂ ಬೇಡ. ಎಸ್‌ಎಂಇಯಲ್ಲಿ ಕೈಗಾರಿಕಾ ಖನಿಜಗಳಿಗೆಂದೇ ಒಂದು ವಿಭಾಗವಿದೆ, ಅದಕ್ಕೂ ಸ್ಕಾಲರ್‌ಶಿಪ್ ಇದೆ. ಅದಿರು ಸಂಸ್ಕರಣೆ, ಗಣಿಯ ಗಾಳಿ ವ್ಯವಸ್ಥೆ, ಅಂತರ್ಜಲ, ಮುಚ್ಚಿದ ಗಣಿಯ ಪುನಶ್ಚೇತನ ಇವೆಲ್ಲ ಇದೇ ಜಾತಿಯವು. ನನ್ನ ಎರಡನೇ ಸ್ಕಾಲರ್‌ಶಿಪ್ ಸುಣ್ಣದಕಲ್ಲಿನ ಕ್ವಾರಿಯೊಂದರ ಇಳಿಜಾರಿನ ಮೇಲೆ ಬರೆದದ್ದಕ್ಕೆ ಬಂತು. ಅರ್ಜಿ ಹಾಕಿದವರು ಎಷ್ಟು ಜನ ಎಂದು ಆಮೇಲೆ ಕೇಳಿದೆ. ಮೂವರು, ಆಯ್ಕೆಯಾಗಬೇಕಿದ್ದದ್ದು ಇಬ್ಬರು! ಇನ್ನೂ ಒಂದು ಹಳೆಯ ಬಾಗಿಲಿದೆ: ಗಣಿ ಎಂಜಿನಿಯರುಗಳ ಮನೆಯ ಹೆಣ್ಣುಮಕ್ಕಳು 1917ರಲ್ಲಿ ಕಟ್ಟಿದ ಸಂಘ ಎಂದು ನಾನದನ್ನು ಮೊದಲು ಕಡೆಗಣಿಸಿದ್ದೆ, ಅದರ ನೆರವು ಹುಡುಗಿಯರಿಗಷ್ಟೇ ಎಂದುಕೊಂಡಿದ್ದೆ. ಷರತ್ತುಗಳನ್ನು ಪೂರ್ತಿ ಓದದೆ ಹೀಗೆ ಅಂದುಕೊಳ್ಳುವುದೇ ತಪ್ಪು. ಅದು ಈಗ ಡಬ್ಲ್ಯೂಎಎಐಎಂಇ ಎಂಬ ಹೆಸರಲ್ಲಿ ಎಸ್‌ಎಂಇಯೊಳಗೇ ಇದೆ.

ಕಂಪನಿಗಳ ಸ್ಕಾಲರ್‌ಶಿಪ್ ಬೇರೆಯೇ ಕಥೆ. ಅವು ಲೋಹದ ಬೆಲೆಯ ಬಾಲ ಹಿಡಿದು ಏಳುತ್ತವೆ, ಬೀಳುತ್ತವೆ. 2011ರಲ್ಲಿ ಟನ್ನಿಗೆ 10,000 ಡಾಲರ್ ಮುಟ್ಟಿದ್ದ ತಾಮ್ರ 2016ರ ಆರಂಭಕ್ಕೆ ಅದರ ಅರ್ಧಕ್ಕಿಂತ ಕೆಳಗಿತ್ತು. ನಾನು ಕಣ್ಣಿಟ್ಟಿದ್ದ ಕಂಪನಿಯೊಂದು ಆ ವರ್ಷ ‘ಸದ್ಯಕ್ಕೆ ನಿಲ್ಲಿಸಲಾಗಿದೆ’ ಎಂದು ಒಂದು ಸಾಲು ಹಾಕಿ ಕೈತೊಳೆದುಕೊಂಡಿತು. ಅವತ್ತಿನಿಂದ ಕಂಪನಿ ದುಡ್ಡನ್ನು ಬಂದರೆ ಬಂತು ಎಂದೇ ಲೆಕ್ಕ ಹಾಕಿದೆ. ಇನ್ನೊಂದು ಕಂಪನಿ ಕೊಡಲು ಒಪ್ಪಿತು, ಜೊತೆಗೆ ಮೂರು ವರ್ಷದ ಬಾಂಡ್. ಓದು ಮುಗಿದ ಮೇಲೆ ಅವರಲ್ಲೇ ಕೆಲಸ ಮಾಡಬೇಕು, ಬಿಟ್ಟರೆ ಪೂರ್ತಿ ಹಣ ವಾಪಸ್ ಕೊಡಬೇಕು. ಅದರಲ್ಲೇನೂ ತಪ್ಪಿಲ್ಲ. ನಾನು ಕೇಳಿದ್ದು ಒಂದೇ: ನೀವೇ ಕೆಲಸ ಕೊಡದಿದ್ದರೆ? ಅದಕ್ಕೆ ಬರವಣಿಗೆಯಲ್ಲಿ ಉತ್ತರ ಬರಲಿಲ್ಲ. ಗಣಿ ಮುಚ್ಚಿದರೂ ಬಾಂಡ್ ನನ್ನ ಕೊರಳಲ್ಲೇ ಇರುತ್ತದೆ ಎನಿಸಿ ಬಿಟ್ಟುಬಿಟ್ಟೆ. ನಾನು ಬಿಟ್ಟ ನಾಲ್ಕನೆಯದು ಇದೇ. ಬಾಂಡ್‌ಗೆ ಸಹಿ ಹಾಕಿ ಚೆನ್ನಾಗಿರುವ ಗೆಳೆಯರೂ ಇದ್ದಾರೆ. ಅವರ ಕರಾರಿನಲ್ಲಿ ನನ್ನ ಆ ಪ್ರಶ್ನೆಗೆ ಉತ್ತರವಿತ್ತು.

ಶಿಫಾರಸು ಪತ್ರದ ಪಾಡು ಹೇಳಲೇಬೇಕು. ನಮ್ಮ ವಿಷಯದ ಮೇಷ್ಟರುಗಳು ಗಡುವಿನ ತಿಂಗಳಲ್ಲೇ ಬೆಟ್ಟ ಹತ್ತಿರುತ್ತಾರೆ, ಅಲ್ಲಿ ಫೋನ್ ಸಿಗುವುದಿಲ್ಲ. ಒಂದು ಅರ್ಜಿ ನನಗೆ ತಪ್ಪಿದ್ದು ಹೀಗೆಯೇ, ತಪ್ಪು ನನ್ನದೇ. ಆಮೇಲೆ ಆರು ವಾರ ಮೊದಲೇ ಕೇಳುತ್ತಿದ್ದೆ. ಕೇಳುವಾಗ ಕೈಗೆ ಒಂದು ಹಾಳೆ ಕೊಡುತ್ತಿದ್ದೆ: ನಿಧಿ ಏನು ನೋಡುತ್ತದೆ, ಅವರ ಜೊತೆ ನಾನು ಯಾವ ಕೆಲಸ ಮಾಡಿದೆ, ಗಡುವು ಯಾವಾಗ. ಹೊರದೇಶದ ಎರಡು ವರ್ಷದ ಮಾಸ್ಟರ್ಸ್ ಬಗ್ಗೆ ಯೋಚಿಸುವವರು ಇದನ್ನು ಇನ್ನೂ ಬೇಗ ಮಾಡಬೇಕು. ಯುರೋಪಿನ ಲಿಯೇಜ್, ನ್ಯಾನ್ಸಿ, ಲುಲಿಯೊ, ಫ್ರೈಬರ್ಗ್‌ಗಳಲ್ಲಿ ಓದಿಸುತ್ತಿದ್ದ, ಯುರೋಪ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಯ ಎಮರಾಲ್ಡ್ ಎಂಬ ಖನಿಜ ಸಂಪನ್ಮೂಲ ಕೋರ್ಸಿನ ಬಗ್ಗೆ ನನಗೆ ಗೊತ್ತಾದಾಗ ಗಡುವು ಮುಗಿದು ವಾರವಾಗಿತ್ತು. ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಈಗ ತಿಂಗಳಿಗೆ 1400 ಯೂರೋ. ಅದನ್ನು ನೆನೆದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಸಂಶೋಧನಾ ಅನುದಾನಕ್ಕೆ ಬಜೆಟ್ ಬರೆಯುವಾಗ ಮೊದಲ ಸಲ ಲ್ಯಾಪ್‌ಟಾಪ್ ಸೇರಿಸಿದ್ದೆ. ಕೆಂಪು ಗೆರೆ ಎಳೆದು ಕಳಿಸಿದರು. ಎರಡನೇ ಸಲ ಹೀಗೆ ಬರೆದೆ: ಇಷ್ಟು ಮಾದರಿ, ಒಂದೊಂದಕ್ಕೂ 0.03 ಮಿಲಿಮೀಟರ್ ದಪ್ಪದ ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳ್ಳಗೆ ಉಜ್ಜಿದ ಕಲ್ಲಿನ ಪದರ) ಮಾಡಿಸಲು ಪ್ರಯೋಗಾಲಯದ ದರ ಇಷ್ಟು, ಇಷ್ಟೇ ಮಾದರಿ ಏಕೆ ಸಾಕು. ಕೇಳಿದ್ದರಲ್ಲಿ ಒಂದು ಕಾಸೂ ಕಡಿತವಾಗಲಿಲ್ಲ.

ಗೆದ್ದ ಮೇಲೂ ದುಡ್ಡು ತಕ್ಷಣ ಬರುವುದಿಲ್ಲ. ನನ್ನ ಮೊದಲ ಕಂತು ಬರುವ ಹೊತ್ತಿಗೆ ಶಿಬಿರ ಮುಗಿದಿತ್ತು, ಗೆಳೆಯನ ಬೂಟು ಹಾಕಿಕೊಂಡು ಹೋಗಿದ್ದೆ. ಇದು ಹೊಸ ಗೋಳೇನಲ್ಲ. ಮುಂದೆ ದೊಡ್ಡ ವಿಜ್ಞಾನಿಯಾದ ರಷ್ಯಾದ ಮಿಖಾಯಿಲ್ ಲೊಮೊನೊಸೊವ್ ಮತ್ತು ಇನ್ನಿಬ್ಬರು ವಿದ್ಯಾರ್ಥಿಗಳನ್ನು ಸೇಂಟ್ ಪೀಟರ್ಸ್‌ಬರ್ಗ್‌ನ ಅಕಾಡೆಮಿ 1736ರಲ್ಲಿ ತನ್ನ ಖರ್ಚಿನಲ್ಲೇ ಜರ್ಮನಿಗೆ ಕಳಿಸಿತ್ತು. ಮಾರ್‌ಬುರ್ಗ್‌ನಲ್ಲಿ ಮೂವರೂ ಸಾಲ ಮಾಡಿಕೊಂಡರು. 1739ರಲ್ಲಿ ಗಣಿ ವಿದ್ಯೆ ಕಲಿಯಲು ಫ್ರೈಬರ್ಗ್‌ಗೆ ಬಂದಾಗ ಖರ್ಚಿನ ಹಣವೆಲ್ಲ ಗುರು ಹೆಂಕೆಲ್ ಕೈಯಲ್ಲಿ. ಲೊಮೊನೊಸೊವ್ ಆ ಗುರುವಿನ ಜೊತೆ ಜಗಳವಾಡಿ ಮರುವರ್ಷ ಫ್ರೈಬರ್ಗ್ ಬಿಟ್ಟೇ ಹೊರಟರು. ಎರಡು ತಿಂಗಳ ಖರ್ಚಿಗಾಗುವಷ್ಟು ಕೈಯಲ್ಲಿಟ್ಟುಕೊಂಡೇ ಹೊರಡಿ ಎಂದು ಕಿರಿಯರಿಗೆ ಹೇಳುವಾಗ ನಾನು ಈ ಕಥೆಯನ್ನೂ ಸೇರಿಸುತ್ತೇನೆ.

ನನಗೆ ಮೊದಲು ಸಿಕ್ಕಿದ್ದು ಗಣಿ ಭೂವಿಜ್ಞಾನಿಯೊಬ್ಬರ ನೆನಪಿಗೆ ಅವರ ಮನೆಯವರು ಇಟ್ಟ ಪುಟ್ಟ ನಿಧಿ. ವರ್ಷದ ಕೊನೆಗೆ ಎರಡು ಪುಟದ ವರದಿ ಕೊಡಬೇಕಿತ್ತು. ಸಾಮಾನ್ಯವಾಗಿ ಯಾರೂ ಓದುವುದಿಲ್ಲ ಎಂದರೂ ನಾನು ಮನಸ್ಸಿಟ್ಟು ಬರೆದೆ, ಜೊತೆಗೆ ಆ ಪೆಟ್ಟಿಗೆಯ ಫೋಟೋ ಇಟ್ಟೆ, ತುಂಡುಗಳನ್ನೆಲ್ಲ ಸರಿಯಾಗಿ ಜೋಡಿಸಿದ ಮೇಲೆ ತೆಗೆದದ್ದು. ಹತ್ತು ದಿನಕ್ಕೆ ಅವರ ಮಗಳಿಂದ ಉತ್ತರ ಬಂತು. ವರದಿ ಚೆನ್ನಾಗಿದೆ ಎಂದು ಒಂದು ಸಾಲು, ಕೆಳಗೆ ಒಂದು ಪ್ರಶ್ನೆ: ‘ಈ ಫೋಟೋದಲ್ಲಿ ಬೋರ್‌ಹೋಲ್‌ನ ಮೇಲ್ತುದಿ ಯಾವ ಕಡೆ?’ ಬಾಣದ ಗುರುತು ಹಾಕುವುದನ್ನೇ ನಾನು ಮರೆತಿದ್ದೆ.