ಹಣ್ಣಿನ ಸಿಪ್ಪೆಯಿಂದ ವಿನೆಗರ್: ಗಾಳಿ ಯಾವಾಗ ಬೇಡ, ಯಾವಾಗ ಬೇಕು

ಜ್ಯೂಸ್ ಘಟಕದಿಂದ ಹೊರಬೀಳುವ ಅನಾನಸ್ ಸಿಪ್ಪೆ, ದಿಂಡಿನಲ್ಲಿ ಸಾಕಷ್ಟು ಸಕ್ಕರೆ ಉಳಿದಿರುತ್ತದೆ. ಯೀಸ್ಟ್ ಅದನ್ನು ಆಲ್ಕೋಹಾಲ್ ಮಾಡುತ್ತದೆ; ಆಲ್ಕೋಹಾಲನ್ನು ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅಸಿಟಿಕ್ ಆಮ್ಲವಾಗಿಸುತ್ತದೆ. ಮೊದಲನೆಯದಕ್ಕೆ ಗಾಳಿ ತಾಗಬಾರದು, ಎರಡನೆಯದು ಗಾಳಿಯಿಲ್ಲದೆ ನಡೆಯದು. ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಒಟ್ಟಿಗೆ ನಡೆಸಿದರೆ ಆಮ್ಲ ಬೇಗ ಏರಿ ಯೀಸ್ಟ್ ಸೊರಗುತ್ತದೆ, ಸಕ್ಕರೆ ಅರ್ಧಕ್ಕೇ ಉಳಿಯುತ್ತದೆ.

ಬೂಸ್ಟು ಹಿಡಿದ ತುಂಡುಗಳನ್ನು ಆರಿಸಿ ತೆಗೆದು, 5 ಕೆ.ಜಿ. ಸಿಪ್ಪೆಯನ್ನು ಕೊಚ್ಚಿ, 5 ಲೀಟರ್ ನೀರಿನಲ್ಲಿ 80 ಡಿಗ್ರಿ ಸೆಲ್ಸಿಯಸ್‌ಗೆ 15 ನಿಮಿಷ ಕಾಯಿಸಿ, ಹಿಂಡಿ ಸೋಸಿ. ಕಿತ್ತಳೆ, ನಿಂಬೆ ಸಿಪ್ಪೆ ಬೆರೆಸಬೇಡಿ. ಅವುಗಳ ಎಣ್ಣೆ ಯೀಸ್ಟನ್ನು ತಡೆಯುತ್ತದೆ.

ರಸ ಆರಿದ ಮೇಲೆ ಸಕ್ಕರೆ ಅಳೆಯುವ ಉಪಕರಣವಾದ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಅಳೆಯಿರಿ. 12 ಬ್ರಿಕ್ಸ್ (100 ಗ್ರಾಂ ರಸದಲ್ಲಿ ಸುಮಾರು 12 ಗ್ರಾಂ ಸಕ್ಕರೆ) ಬೇಕು. ಕಡಿಮೆಯಿದ್ದರೆ ಪ್ರತಿ ಬ್ರಿಕ್ಸ್‌ಗೆ ಲೀಟರಿಗೆ ಸುಮಾರು 12 ಗ್ರಾಂ ಸಕ್ಕರೆ ಸೇರಿಸಿ. ರಸ 30 ಡಿಗ್ರಿಗೆ ಇಳಿದಾಗ ಲೀಟರಿಗೆ ಅರ್ಧ ಗ್ರಾಂ ಒಣ ವೈನ್ ಯೀಸ್ಟನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಹಾಕಿ. ಪಾತ್ರೆ ಮುಕ್ಕಾಲು ತುಂಬಿದರೆ ಸಾಕು. ಬಾಯಿಗೆ, ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಏರ್‌ಲಾಕ್ ಇರಲಿ. ಬಿಗಿ ಮುಚ್ಚಳ ಹಾಕಿದರೆ ಅನಿಲದ ಒತ್ತಡಕ್ಕೆ ಪಾತ್ರೆಯೇ ಸಿಡಿಯಬಹುದು. ವಾರದೊಳಗೆ ಗುಳ್ಳೆ ನಿಂತು, ಸುಮಾರು ಶೇ 6 ಆಲ್ಕೋಹಾಲ್ ಸಿಗುತ್ತದೆ.

ತಳದ ಗಷ್ಟು ಬಿಟ್ಟು ತಿಳಿಯನ್ನು ಮಾತ್ರ ಅಗಲ ಬಾಯಿಯ ಗಾಜಿನ ಪಾತ್ರೆಗೆ ಬಗ್ಗಿಸಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಬೇಡ, ಆಮ್ಲ ತಿನ್ನುತ್ತದೆ. 4 ಲೀಟರಿಗೆ 1 ಲೀಟರ್ ಪಾಶ್ಚರೀಕರಿಸದ (ಕಾಯಿಸಿ ಜೀವಾಣು ಕೊಲ್ಲದ) ವಿನೆಗರ್ ಸೇರಿಸಿ. ಬ್ಯಾಕ್ಟೀರಿಯಾ ಬರುವುದು ಅದರಿಂದಲೇ; ಜೊತೆಗೆ ಅದರ ಹುಳಿ ಬೇಡದ ಜೀವಿಗಳನ್ನು ದೂರವಿಡುತ್ತದೆ. ನೊಣ ನುಸುಳದ ದಟ್ಟ ಬಟ್ಟೆ ಕಟ್ಟಿ, 28ರಿಂದ 30 ಡಿಗ್ರಿಯಲ್ಲಿ 3ರಿಂದ 6 ವಾರ ಬಿಡಿ. ಮೇಲೆ ಬ್ಯಾಕ್ಟೀರಿಯಾದ ನುಣುಪಾದ ಪೊರೆ ಕಟ್ಟುವುದು ಒಳ್ಳೆಯ ಲಕ್ಷಣ. ಅಲುಗಾಡಿಸಿದರೆ ಅದು ಮುಳುಗಿ, ಗಾಳಿ ಸಿಗದೆ ಕೆಲಸ ನಿಲ್ಲಿಸುತ್ತದೆ. ಹಸಿರೋ ಕಪ್ಪೋ ತುಪ್ಪುಳು ಕಂಡರೆ ಪೂರ್ತಿ ಚೆಲ್ಲಿ, ಮೇಲಿಂದ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ.

ಆಮ್ಲ ಎಷ್ಟಾಯಿತೆಂದು ತಿಳಿಯಲು ನಾಲಿಗೆಯ ಅಂದಾಜು ಇಲ್ಲಿ ಕೈಕೊಡುತ್ತದೆ. 5 ಮಿ.ಲೀ. ವಿನೆಗರ್‌ಗೆ ಫಿನಾಲ್ಫ್ತಲೀನ್ (ಆಮ್ಲ ಮುಗಿದಾಗ ಗುಲಾಬಿಯಾಗುವ ಸೂಚಕ) ಎರಡು ಹನಿ ಹಾಕಿ, 0.5 ನಾರ್ಮಲ್ (ಲೀಟರಿಗೆ 20 ಗ್ರಾಂ) ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ತಿಳಿ ಗುಲಾಬಿ ನಿಲ್ಲುವವರೆಗೆ ಬಿಡಿ. ಖರ್ಚಾದ ಮಿ.ಲೀ.ಯನ್ನು 0.6ರಿಂದ ಗುಣಿಸಿದರೆ ಆಮ್ಲದ ಶೇಕಡಾ ಪ್ರಮಾಣ, 8.3 ಮಿ.ಲೀ. ಹಿಡಿದರೆ ಸುಮಾರು ಶೇ 5. ಆಮ್ಲದ ಏರಿಕೆ ನಿಂತ ದಿನವೇ ವಿನೆಗರ್ ತೆಗೆಯಿರಿ. ಆಲ್ಕೋಹಾಲ್ ಮುಗಿದ ಮೇಲೆ ಅದೇ ಬ್ಯಾಕ್ಟೀರಿಯಾ ಆಮ್ಲವನ್ನೇ ತಿಂದು ನೀರು, ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತದೆ. ಮುಂದಿನ ಬ್ಯಾಚಿಗೆ ಒಂದು ಲೀಟರ್ ಹಸಿಯಾಗಿಯೇ ಎತ್ತಿಟ್ಟು, ಉಳಿದದ್ದನ್ನು ಸೋಸಿ 70 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ಬಾಟಲಿಯ ಕತ್ತಿನವರೆಗೂ ತುಂಬಿ ಮುಚ್ಚಿ.